ಗಜೇಂದ್ರಗಡ್ಕರ್ ಮತ್ತು ಔಷಧ ಪ್ರತಿನಿಧಿಯ ಚೀಲ

ಕಾರ್ಮಿಕ ಮೊಕದ್ದಮೆಗಳನ್ನು ನಡೆಸುವ ನನ್ನಂಥ ವಕೀಲರ ನಾಲಿಗೆಯ ಮೇಲೆ ಪಿ.ಬಿ. ಗಜೇಂದ್ರಗಡ್ಕರ್ ಅವರ ಹೆಸರು ವಾರಕ್ಕೊಮ್ಮೆಯಾದರೂ ಬಂದು ಹೋಗುತ್ತದೆ. ಆ ಹೆಸರಿನೊಳಗೆ ನಮ್ಮ ಗದಗ ಜಿಲ್ಲೆಯ ಗಜೇಂದ್ರಗಡ ಇದೆ ಎಂಬುದನ್ನು ಗಮನಿಸಿದವರು ಕಡಿಮೆ. ಅಲ್ಲಿಂದ ಸಾತಾರಾಕ್ಕೆ ವಲಸೆ ಹೋದ ಮನೆತನ ಅವರದು. ತಂದೆ ಬಾಳಾಚಾರ್ಯರು ಸಂಸ್ಕೃತ ವಿದ್ವಾಂಸರು. 1901ರ ಮಾರ್ಚ್ 16ರಂದು ಸಾತಾರಾದಲ್ಲಿ ಹುಟ್ಟಿದ ಪ್ರಹ್ಲಾದ, 1918ರಿಂದ ಎರಡು ವರ್ಷ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದರು. ಆಮೇಲೆ ಪುಣೆಯಲ್ಲಿ ಎಂ.ಎ. ಮತ್ತು ಕಾನೂನು ಪದವಿ, ಬೊಂಬಾಯಿಯಲ್ಲಿ ವಕೀಲಿ, 1945ರಲ್ಲಿ ಅಲ್ಲಿನ ಹೈಕೋರ್ಟಿನ ನ್ಯಾಯಮೂರ್ತಿ ಸ್ಥಾನ.

ಕಾರ್ಮಿಕ ಲೋಕ ಅವರನ್ನು ಚೆನ್ನಾಗಿ ಅರಿತದ್ದು 1955ರಲ್ಲಿ. ಬ್ಯಾಂಕ್ ನೌಕರರ ವೇತನ ತೀರ್ಪನ್ನು ಸರ್ಕಾರ ತಿದ್ದಿದ್ದನ್ನು ಒಪ್ಪದ ಕಾರ್ಮಿಕ ಸಚಿವ ವಿ.ವಿ. ಗಿರಿಯವರು ಹಿಂದಿನ ವರ್ಷವೇ ರಾಜೀನಾಮೆ ಕೊಟ್ಟಿದ್ದರು. ವಿಚಾರಣೆಗೆ ನೇಮಕವಾದ ನ್ಯಾಯಮೂರ್ತಿ ರಾಜಾಧ್ಯಕ್ಷ ಅವರು ನಡುವೆಯೇ ತೀರಿಕೊಂಡಾಗ ಆ ಹೊರೆ ಗಜೇಂದ್ರಗಡ್ಕರ್ ಅವರ ಹೆಗಲಿಗೆ ಬಂತು.

1957ರಲ್ಲಿ ಅವರು ಸುಪ್ರೀಂ ಕೋರ್ಟ್ ಸೇರಿದರು. ನನ್ನ ಮಟ್ಟಿಗೆ ಅವರ ಶ್ರೇಷ್ಠ ತೀರ್ಪು 1960ರ ಜನವರಿಯ ಹಾಸ್ಪಿಟಲ್ ಮಜ್ದೂರ್ ಸಭಾ ಪ್ರಕರಣದ್ದು. ಬೊಂಬಾಯಿಯ ಜೆ.ಜೆ. ಸಮೂಹದ ಆಸ್ಪತ್ರೆಗಳಲ್ಲಿ ವಾರ್ಡುಗಳ ಕೆಲಸ ಮಾಡುತ್ತಿದ್ದ ಇಬ್ಬರು ಮಹಿಳೆಯರನ್ನು ಸರ್ಕಾರ ಮನೆಗೆ ಕಳಿಸಿತ್ತು. ನಾಗರಿಕ ಪೂರೈಕೆ ಇಲಾಖೆಯಲ್ಲಿ ಹೆಚ್ಚಾದ ನೌಕರರಿಗೆ ಜಾಗ ಮಾಡಿಕೊಡುವುದು ಉದ್ದೇಶ. ಒಬ್ಬರನ್ನು ಬೇರೆಡೆ ಕೂರಿಸಲು ಇನ್ನೊಬ್ಬರನ್ನು ಎಬ್ಬಿಸುವ ಈ ಪದ್ಧತಿ ಇಂದಿಗೂ ಎಲ್ಲ ಕಚೇರಿಗಳಿಗೆ ಪರಿಚಿತ. 1953ರ ತಿದ್ದುಪಡಿಯಂತೆ ಪೂರೈಸಿದ ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕಿತ್ತು, ಕೊಡಲಿಲ್ಲ. ಆಸ್ಪತ್ರೆ ಉದ್ಯಮವಲ್ಲ, ಆದ್ದರಿಂದ ಕಾಯ್ದೆ ಅನ್ವಯಿಸದು ಎಂಬುದು ಸರ್ಕಾರದ ವಾದ. ಗಜೇಂದ್ರಗಡ್ಕರ್ ಅದನ್ನು ಒಪ್ಪಲಿಲ್ಲ. ಪರಿಹಾರ ನೀಡುವುದು ಕೆಲಸದಿಂದ ತೆಗೆಯುವುದಕ್ಕೆ ಪೂರ್ವಭಾವಿ ಷರತ್ತು, ಅದನ್ನು ಪಾಲಿಸದ ಆದೇಶಕ್ಕೆ ಬೆಲೆಯಿಲ್ಲ ಎಂದು ತೀರ್ಮಾನಿಸಿದರು. ಹಣ ಆಮೇಲೆ ನೋಡೋಣ ಎನ್ನುವ ಮಾಲೀಕರಿಗೆ ನಾವು ಈಗಲೂ ತೋರಿಸುವುದು ಈ ಷರತ್ತನ್ನೇ.

ಅದೇ ವರ್ಷ ಅಸ್ಸಾಂ ಆಯಿಲ್ ಕಂಪನಿಯ ಪ್ರಕರಣದಲ್ಲಿ ಅವರು ಇನ್ನೊಂದು ಸೂತ್ರ ಹಾಕಿಕೊಟ್ಟರು. ವಜಾ ಆದೇಶಕ್ಕೆ ಕಂಪನಿ ಎಂಥ ಸೌಮ್ಯ ಹೆಸರನ್ನಾದರೂ ಇಡಲಿ, ಒಳಗಿರುವುದು ಶಿಕ್ಷೆಯೇ ಎಂಬುದನ್ನು ನ್ಯಾಯಮಂಡಳಿ ಕೆದಕಿ ನೋಡಬಹುದು. ಆದರೆ ನಂಬಿಕೆಯ ಸ್ಥಾನದಲ್ಲಿದ್ದ ಆ ಉದ್ಯೋಗಿಗೆ ದೊರೆತದ್ದು ಮರುನೇಮಕವಲ್ಲ, ಪರಿಹಾರಧನ. ನೌಕರನ ವಕೀಲರು ಮೊದಲರ್ಧವನ್ನು ಓದುತ್ತಾರೆ, ಕಂಪನಿಯ ವಕೀಲರು ಎರಡನೆಯದನ್ನು.

ಆಸ್ಪತ್ರೆಯ ಒಳಗೆ ನೆಲ ಒರೆಸುವವರಿಗೆ ಹೀಗೆ ರಕ್ಷಣೆ ದೊರೆಯಿತು. ಅದೇ ಆಸ್ಪತ್ರೆಯ ವೈದ್ಯರ ಕೊಠಡಿಯೆದುರು ಚೀಲ ಹಿಡಿದು ನಿಂತವನಿಗೆ? 1961ರಲ್ಲಿ ಮೇ ಅಂಡ್ ಬೇಕರ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಔಷಧ ಪ್ರತಿನಿಧಿಯ ಮುಖ್ಯ ಕೆಲಸ ಪ್ರಚಾರ, ಬರವಣಿಗೆ ಅದರ ಬಾಲ ಮಾತ್ರ, ಆದ್ದರಿಂದ ಆತ ಕಾರ್ಮಿಕನಲ್ಲ ಎಂದಿತು. ಟೈ ಕಟ್ಟಿದವನು ವಾರ್ಡಿನ ಸೇವಕಿಗಿಂತ ದುರ್ಬಲನಾದ. ಬೆಂಗಳೂರಿನಿಂದ ದೂರದ ಊರಿಗೆ ವರ್ಗ, ಮಾರಾಟದ ಗುರಿ ಮುಟ್ಟಲಿಲ್ಲವೆಂದು ಹಿಂಬಡ್ತಿ, ಕೊನೆಗೆ ಸಿದ್ಧಪಡಿಸಿಟ್ಟ ರಾಜೀನಾಮೆ ಪತ್ರ: ಯಾವುದನ್ನೂ ಕಾರ್ಮಿಕ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ.

ಗಜೇಂದ್ರಗಡ್ಕರ್ ಎಲ್ಲ ಬಾಗಿಲುಗಳನ್ನೂ ತೆರೆದರೆಂದು ಹೊಗಳುವುದು ಸರಿಯಲ್ಲ. 1962ರಲ್ಲಿ ಸಾಲಿಸಿಟರ್‌ಗಳ ಕಚೇರಿಯನ್ನೂ 1963ರಲ್ಲಿ ದೆಹಲಿ ವಿಶ್ವವಿದ್ಯಾಲಯವನ್ನೂ ಉದ್ಯಮದ ವ್ಯಾಪ್ತಿಯಿಂದ ಹೊರಗಿಟ್ಟವರು ಅವರೇ. ವಿದ್ಯಾವಂತರ ವೃತ್ತಿಗಳ ಬಗೆಗಿನ ಗೌರವ, ಅಲ್ಲಿನ ಗುಮಾಸ್ತನನ್ನೂ ಚಾಲಕನನ್ನೂ ಕಾಣದಂತೆ ಮಾಡಿತೆಂದು ನನಗನಿಸುತ್ತದೆ.

1964ರಿಂದ 66ರವರೆಗೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿ. ನಿವೃತ್ತಿಯ ನಂತರ ಬೊಂಬಾಯಿ ವಿಶ್ವವಿದ್ಯಾಲಯದ ಕುಲಪತಿಯಾದರು, ಮೊದಲ ರಾಷ್ಟ್ರೀಯ ಕಾರ್ಮಿಕ ಆಯೋಗದ ಅಧ್ಯಕ್ಷರಾಗಿ 1969ರಲ್ಲಿ ವರದಿ ಕೊಟ್ಟರು, 1971ರಿಂದ 77ರವರೆಗೆ ಕಾನೂನು ಆಯೋಗವನ್ನು ನಡೆಸಿದರು. ಔಷಧ ಪ್ರತಿನಿಧಿಗಳ ಅಹವಾಲು ಈ ನಡುವೆ ರಾಜ್ಯಸಭೆಯ ಅರ್ಜಿಗಳ ಸಮಿತಿಯನ್ನು ತಲುಪಿ, 1972ರಲ್ಲಿ ಅನುಕೂಲಕರ ವರದಿ ಬಂತು. ಮಾರಾಟ ಪ್ರಚಾರ ನೌಕರರ ಕಾಯ್ದೆ 1976ರ ಮಾರ್ಚ್ 6ರಂದು ಜಾರಿಯಾಯಿತು, ಅದೂ ಕಮಿಷನ್ ಬಿಟ್ಟು ತಿಂಗಳಿಗೆ 750 ರೂಪಾಯಿಯ ಮಿತಿಯೊಂದಿಗೆ. ಮಿತಿ ಹೋದದ್ದು 1987ರಲ್ಲಿ. ಕಾರ್ಮಿಕನೆಂಬ ಸ್ಥಾನ ಪ್ರತಿನಿಧಿಗೆ ಈ ವಿಶೇಷ ಕಾಯ್ದೆಯಿಂದ ಬಂದದ್ದೇ ಹೊರತು ಕೆಲಸದ ಸ್ವರೂಪದಿಂದಲ್ಲ ಎಂದು ಸ್ಯಾಂಡೋಜ್ ಕಂಪನಿಯ ಪ್ರಕರಣದಲ್ಲಿ ಐವರ ಪೀಠ 1994ರಲ್ಲಿ ಹೇಳಿತು.

ಗಜೇಂದ್ರಗಡ್ಕರ್ 1981ರ ಜೂನ್ 12ರಂದು ತೀರಿಕೊಂಡರು. ಅವರ ಆಸ್ಪತ್ರೆ ತೀರ್ಪನ್ನು 1970ರಲ್ಲಿ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣ ಅಳಿಸಿಹಾಕಿತ್ತು. 1978ರಲ್ಲಿ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮತ್ತೆ ಎತ್ತಿ ನಿಲ್ಲಿಸಿ, ಸಾಲಿಸಿಟರ್ ಹಾಗೂ ವಿಶ್ವವಿದ್ಯಾಲಯದ ತೀರ್ಪುಗಳನ್ನು ತಳ್ಳಿಹಾಕಿತು. ಎರಡನ್ನೂ ಅವರು ಕಂಡು ಹೋದರು.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಮಾರಾಟ ಪ್ರಚಾರ ನೌಕರರನ್ನು ಕಾರ್ಮಿಕರ ವ್ಯಾಖ್ಯೆಯೊಳಗೇ ಸೇರಿಸಿದೆ. ವ್ಯವಸ್ಥಾಪಕರು ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕರು ಹೊರಗೆ. ಹೀಗಾಗಿ ನನ್ನ ಬಳಿ ಬರುವ ಪ್ರತಿನಿಧಿಯ ಕೈಯಲ್ಲಿ ಹೆಚ್ಚಾಗಿ ಎರಡು ಪತ್ರಗಳಿರುತ್ತವೆ: ಏರಿಯಾ ಮ್ಯಾನೇಜರ್ ಎಂಬ ಬಡ್ತಿಯದೊಂದು, ಕೆಲವೇ ತಿಂಗಳ ನಂತರದ ವಜಾದ್ದೊಂದು. ಆತನ ದಿನಚರಿ ವರದಿಗಳನ್ನು ತರಿಸಿ, ಬಡ್ತಿಯ ನಂತರವೂ ಅದೇ ಚೀಲ ಹೊತ್ತು ಅವೇ ವೈದ್ಯರನ್ನು ಕಾಣುತ್ತಿದ್ದನೇ ಎಂದು ನಾನು ಮೊದಲು ಎಣಿಸತೊಡಗುತ್ತೇನೆ.