ತಾಯಿ ಎಣಿಸಿದ ಅಕ್ಕಿಕಾಳು

ಮಕ್ಕಳ ಮನಸ್ಸಿನಲ್ಲಿ ದೈವಭಕ್ತಿಯು ಉಪದೇಶಕ್ಕಿಂತ ಮಿಗಿಲಾಗಿ ಮನೆಯ ನಿತ್ಯಾಚರಣೆಯಿಂದ ಬೇರೂರುತ್ತದೆ ಎಂಬುದಕ್ಕೆ ಆಚಾರ್ಯ ವಿನೋಬಾ ಭಾವೆಯವರ ಬಾಲ್ಯವು ಉಜ್ವಲ ನಿದರ್ಶನವಾಗಿದೆ. 1895ರ ಸೆಪ್ಟೆಂಬರ್ 11ರಂದು ಆಗಿನ ಕೊಲಾಬಾ ಜಿಲ್ಲೆಯ ಗಾಗೋದೆ ಗ್ರಾಮದಲ್ಲಿ ಜನಿಸಿದ ಅವರ ಹುಟ್ಟುಹೆಸರು ವಿನಾಯಕ. ತಂದೆ ನರಹರಿ ಭಾವೆಯವರು ವಿಜ್ಞಾನದಲ್ಲಿ ಆಸಕ್ತರು, ಶಿಸ್ತಿನ ಗೃಹಸ್ಥರು. ತಾಯಿ ರುಕ್ಮಿಣೀದೇವಿಯವರು ಕರ್ನಾಟಕ ಮೂಲದವರು. ಹೆಚ್ಚು ಓದಿದವರಲ್ಲ, ಆದರೆ ಪರಮ ಭಕ್ತೆ.

ತುಳಸಿಗೆ ನೀರೆರೆಯದ ಹೊರತು ಬಾಲಕನಿಗೆ ಊಟವಿಲ್ಲವೆಂಬುದು ಆ ತಾಯಿಯ ನಿಯಮ. ಮನೆಯಲ್ಲಿ ಹಲಸಿನ ಹಣ್ಣು ಬಿಡಿಸಿದರೆ ಮೊದಲ ಪಾಲು ನೆರೆಹೊರೆಯವರಿಗೆ. ಅದನ್ನು ಹಂಚಿ ಬರುವ ಕೆಲಸ ಮಗನದು. ಕೊಡುವವನೇ ದೇವ, ತನಗೇ ಇಟ್ಟುಕೊಳ್ಳುವವನು ರಾಕ್ಷಸ ಎಂಬ ತತ್ತ್ವ ಹೀಗೆ ಅವನ ಕೈಕಾಲುಗಳಿಗೇ ಅಭ್ಯಾಸವಾಯಿತು.

ಒಮ್ಮೆ ರುಕ್ಮಿಣೀದೇವಿಯವರು ದೇವರಿಗೆ ಲಕ್ಷ ಅಕ್ಕಿಕಾಳುಗಳನ್ನು ಅರ್ಪಿಸುವ ವ್ರತ ಹಿಡಿದು, ಪ್ರತಿದಿನವೂ ಒಂದೊಂದೇ ಕಾಳನ್ನು ಎಣಿಸುತ್ತಿದ್ದರು. ಒಂದು ತೊಲದ ಕಾಳುಗಳನ್ನು ಎಣಿಸಿ, ಉಳಿದುದನ್ನು ತೂಕದಿಂದ ಲೆಕ್ಕ ಹಾಕಬಾರದೇಕೆಂದು ಪತಿ ಕೇಳಿದರು. ಉತ್ತರ ತೋಚದ ತಾಯಿ ಮಗನನ್ನು ವಿಚಾರಿಸಿದರು. ಇದು ಗಣಿತದ ಮಾತಲ್ಲ, ಪ್ರತಿಯೊಂದು ಕಾಳಿನೊಡನೆಯೂ ಮನಸ್ಸು ಭಗವನ್ನಾಮದಲ್ಲಿ ನೆಲೆಸುತ್ತದೆ ಎಂದು ಮಗ ವಿವರಿಸಿದ. ತಾಯಿಗೆ ಧನ್ಯತೆಯೆನಿಸಿತು. ತಂದೆಯ ಲೆಕ್ಕವನ್ನೂ ತಾಯಿಯ ಭಕ್ತಿಯನ್ನೂ ಬಲ್ಲ ಮಗನಷ್ಟೇ ಅಂತಹ ಉತ್ತರ ಕೊಡಬಲ್ಲ.

ಬರೋಡೆಯಲ್ಲಿದ್ದಾಗ ತಾಯಿ, ಸಂಸ್ಕೃತದ ಗೀತೆ ತಮಗೆ ಅರ್ಥವಾಗದೆಂದು ಹೇಳಿಕೊಂಡರು. ಮಗ ತಂದುಕೊಟ್ಟ ಮರಾಠಿ ಅನುವಾದವೂ ಕಠಿಣವೆನಿಸಿದಾಗ, ನೀನೇ ಏಕೆ ಮಾಡಬಾರದೆಂದು ಕೇಳಿದರು. 1916ರಲ್ಲಿ ವಿನೋಬಾ ಮನೆ ತೊರೆದು ಕಾಶಿಗೆ ತೆರಳಿ, ಅದೇ ವರ್ಷ ಗಾಂಧೀಜಿಯವರ ಆಶ್ರಮ ಸೇರಿದರು. 1918ರಲ್ಲಿ ತಾಯಿ ಕಾಲವಶರಾದರು. ಅವರ ಕೋರಿಕೆ ಮಾತ್ರ ಮಗನ ಹೃದಯದಲ್ಲಿ ಉಳಿಯಿತು. 1930ರ ಅಕ್ಟೋಬರ್‌ನಲ್ಲಿ ಆರಂಭಿಸಿ 1931ರ ಫೆಬ್ರವರಿಯಲ್ಲಿ ಅವರು ಸರಳ ಮರಾಠಿ ಪದ್ಯಗಳಲ್ಲಿ ಗೀತೆಯನ್ನು ಮುಗಿಸಿ, ಅದಕ್ಕೆ 'ಗೀತಾಯಿ' ಎಂದು ಹೆಸರಿಟ್ಟರು. ಮರಾಠಿಯಲ್ಲಿ 'ಆಯಿ' ಎಂದರೆ ತಾಯಿ. ಯಾರಿಗಾಗಿ ಆ ಕೃತಿ ಹುಟ್ಟಿತೋ ಅವರು ಅದನ್ನು ಓದಲಿಲ್ಲ. ಲಕ್ಷಾಂತರ ಮನೆಗಳು ಓದಿದವು.

1951ರ ಏಪ್ರಿಲ್ 18ರಂದು ತೆಲಂಗಾಣದ ಪೋಚಂಪಳ್ಳಿಯಲ್ಲಿ ಭೂದಾನ ಯಜ್ಞ ಆರಂಭವಾಯಿತು. ಭೂಹೀನರಿಗಾಗಿ ಊರೂರು ನಡೆದ ಆ ಪಾದಗಳು, ಹಿಂದೆ ಹಲಸಿನ ತೊಳೆ ಹಿಡಿದು ನೆರೆಮನೆಗಳಿಗೆ ನಡೆದ ಪಾದಗಳೇ ಆಗಿದ್ದವು. 1982ರ ನವೆಂಬರ್ 15ರಂದು ವಿನೋಬಾ ದೇಹತ್ಯಾಗ ಮಾಡಿದರು.

ಮಾತೃಶಕ್ತಿಯನ್ನು ಆರಾಧಿಸುವ ಈ ನವರಾತ್ರಿಯಲ್ಲಿ, ಮಹಾನಗರದ ಕಿರುಮನೆಯಲ್ಲಿಯೂ ಒಂದು ತುಳಸಿಗೆ ಎಡೆಯುಂಟು; ನೀರೆರೆಯಲು ಮಗುವಿನ ಕೈಗೊಂದು ತಂಬಿಗೆಯನ್ನು ಕೊಡುವ ಹೆತ್ತವರು ಬೇಕಷ್ಟೆ.