ಕುಡಿತಕ್ಕೆ ಸಿಕ್ಕವರಿಗೆ ಬಾಗಿಲು ತೆರೆದ ಸಿಸ್ಟರ್ ಇಗ್ನೇಷಿಯಾ

ಸಂತರ ಪಟ್ಟಿಯಲ್ಲಿ ಸಿಸ್ಟರ್ ಇಗ್ನೇಷಿಯಾ ಅವರ ಹೆಸರಿಲ್ಲ. ಆದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಎಂಬ ಕೂಟದಿಂದ ಕುಡಿತ ಬಿಟ್ಟವರು ಅವರನ್ನು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಕುಡಿತ ನಮ್ಮ ಮನೆಗಳಿಗೂ ಹೊಸದಲ್ಲ. ಮನೆ ಆಶೀರ್ವಾದಕ್ಕೆ ಗುರುಗಳು ಬಂದಾಗ ಯಜಮಾನರಿಗೆ ಹುಷಾರಿಲ್ಲವೆಂದು ಹೇಳಿ ಒಳಕೋಣೆಯ ಬಾಗಿಲು ಎಳೆದುಕೊಳ್ಳುವ ಹೆಣ್ಣುಮಕ್ಕಳು ನಮ್ಮ ನಡುವೆಯೇ ಇದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ತಿಂಗಳು ಸಿಸ್ಟರ್ ಅವರ ಬದುಕನ್ನು ಬರೆಯುತ್ತಿದ್ದೇವೆ.

ಅವರು ಹುಟ್ಟಿದ್ದು 1889ರ ಜನವರಿ 1ರಂದು, ಐರ್ಲೆಂಡಿನ ಮೇಯೋ ಸೀಮೆಯ ಬಡ ಕುಟುಂಬದಲ್ಲಿ. ಮನೆಯವರಿಟ್ಟ ಹೆಸರು ಬ್ರಿಜೆಟ್ ಗೇವಿನ್. ಬಾಲ್ಯದಲ್ಲೇ ತಂದೆತಾಯಿಯ ಜೊತೆ ಅಮೆರಿಕದ ಕ್ಲೀವ್‌ಲ್ಯಾಂಡಿಗೆ ಹೋದರು. 1914ರಲ್ಲಿ ಸಂತ ಅಗಸ್ಟೀನರ ಪರಸೇವಾ ಭಗಿನಿಯರ ಸಭೆ ಸೇರಿ ಸಂಗೀತ ಕಲಿಸತೊಡಗಿದರು. ಆಳು ಸಣ್ಣದು, ದುಡಿಮೆ ಅತಿಯಾಯಿತು. ಹೊಟ್ಟೆಹುಣ್ಣಿನ ಜೊತೆ ಮನಸ್ಸೂ ಕುಸಿದು ಆಸ್ಪತ್ರೆ ಸೇರಬೇಕಾಯಿತು. ಚೇತರಿಸಿಕೊಂಡ ಮೇಲೆ ಸಂಗೀತದ ಕೆಲಸ ಬಿಡಿಸಿ, ಆಕ್ರನ್ ಪಟ್ಟಣದ ಸಂತ ತೋಮಾಸರ ಆಸ್ಪತ್ರೆಯಲ್ಲಿ ರೋಗಿಗಳನ್ನು ದಾಖಲಿಸಿಕೊಳ್ಳುವ ಮೇಜಿಗೆ ಹಾಕಿದರು. ಸೋತು ನೆಲಹಿಡಿಯುವುದೆಂದರೇನೆಂದು ಅವರಿಗೆ ತಿಳಿದಿತ್ತು. ಮುಂದಿನ ಕೆಲಸಕ್ಕೆ ಅದೇ ತರಬೇತಿಯಾಯಿತೆಂದು ನಮಗನಿಸುತ್ತದೆ.

ಅದೇ ಊರಿನಲ್ಲಿ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರಿದ್ದರು. ಅವರಿಗೂ ಕುಡಿತದ ಚಟ. ಎರಡು ವರ್ಷಕ್ಕೂ ಹೆಚ್ಚು ಕಾಲ ಒಂದು ಪ್ರಾರ್ಥನಾಕೂಟಕ್ಕೆ ಹೋಗಿ ಕುಳಿತರೂ ಚಟ ಬಿಡಲಿಲ್ಲ. 1935ರ ಮೇ 12ರ ಸಂಜೆ ನ್ಯೂಯಾರ್ಕಿನ ಬಿಲ್ ವಿಲ್ಸನ್ ಅವರನ್ನು ಕಂಡರು. ಬಿಲ್ ಆಗಷ್ಟೇ ಕುಡಿತ ಬಿಟ್ಟವರು. ವ್ಯಾಪಾರದ ಕೆಲಸಕ್ಕೆ ಬಂದು ಸೋತಿದ್ದರು; ಮತ್ತೆ ಎಲ್ಲಿ ಕುಡಿದುಬಿಡುವೆನೋ ಎಂಬ ಭಯದಲ್ಲಿ, ಮಾತಾಡಲು ಇನ್ನೊಬ್ಬ ಕುಡುಕನನ್ನು ಹುಡುಕುತ್ತಾ ಚರ್ಚುಗಳಿಗೆ ಫೋನು ಮಾಡಿದ್ದರು. ಕಾಲುಗಂಟೆಯ ಭೇಟಿಯೆಂದು ಹೋದ ಡಾಕ್ಟರು ರಾತ್ರಿ ಹನ್ನೊಂದು ದಾಟುವವರೆಗೆ ಕುಳಿತರು. ಉಪದೇಶ ಅವರು ಬೇಕಾದಷ್ಟು ಕೇಳಿದ್ದರು; ತನ್ನಂತೆಯೇ ಬಿದ್ದವನ ಬಾಯಿಂದ ಅವನ ಕಥೆಯನ್ನು ಕೇಳಿದ್ದು ಅದೇ ಮೊದಲು. ಆ ವರ್ಷ ಜೂನ್ 10ರಂದು ಕುಡಿದದ್ದೇ ಅವರ ಕೊನೆಯ ಕುಡಿತ. ಎ.ಎ. ಆ ದಿನವನ್ನೇ ತನ್ನ ಹುಟ್ಟಿದ ದಿನವೆಂದು ಎಣಿಸುತ್ತದೆ.

ಕೂಟವೇನೋ ಹುಟ್ಟಿತು. ಆದರೆ ನಡುಗುತ್ತಾ, ವಾಂತಿ ಮಾಡುತ್ತಾ ಬರುವವನನ್ನು ಎಲ್ಲಿ ಮಲಗಿಸುವುದು? ಕುಡಿತ ರೋಗವಲ್ಲ, ಕೆಟ್ಟ ನಡತೆ ಎಂದು ಆಸ್ಪತ್ರೆಗಳು ಅಂಥವರನ್ನು ಸೇರಿಸುತ್ತಿರಲಿಲ್ಲ. 1939ರ ಆಗಸ್ಟ್ 16ರಂದು ಡಾಕ್ಟರ್ ಬಾಬ್ ಕೇಳಿಕೊಂಡಾಗ ಸಿಸ್ಟರ್ ದಾಖಲೆಯಲ್ಲಿ ಹೊಟ್ಟೆಯ ಉರಿಯೂತವೆಂದು ಬರೆದು ಒಬ್ಬನನ್ನು ಸೇರಿಸಿಕೊಂಡರು. ಕೂಟದವರು ಬಂದು ಅವನೊಡನೆ ಮಾತಾಡಲು ಏಕಾಂತದ ಜಾಗ ಬೇಕಿತ್ತು. ಖಾಲಿ ಕೋಣೆಯಿಲ್ಲದೆ, ರೋಗಿಗಳಿಗೆ ಬಂದ ಹೂವನ್ನು ಜೋಡಿಸುವ ಕೋಣೆಗೆ ಅವನ ಮಂಚ ತಳ್ಳಿಸಿದರು.

ಹಾಗೆ ಮೊದಲಾದದ್ದು ಮುಂದೆ ಪ್ರತ್ಯೇಕ ವಾರ್ಡಾಯಿತು. ಐದು ದಿನದ ವಾಸ. ಕೂಟದ ಒಬ್ಬ ಸದಸ್ಯ ಹೊಣೆ ಹೊತ್ತು ಕರೆತರಬೇಕು. ಕೂಟದವರು ಬಂದು ಬಂದು ಮಾತಾಡಿಸುವರು, ಕಾಫಿ ಸದಾ ಸಿದ್ಧ. ಬಿಡುಗಡೆಯಾದವನು ತನ್ನೂರಿನ ಕೂಟಕ್ಕೆ ಹೋಗಲೇಬೇಕು. ಆಸ್ಪತ್ರೆ ಮೈಯ ನಂಜನ್ನಷ್ಟೇ ಇಳಿಸುತ್ತದೆ ಎಂಬುದು ಸಿಸ್ಟರ್ ಅವರ ನಂಬಿಕೆ. ಹೊರಡುವಾಗ ಯೇಸುವಿನ ಪವಿತ್ರ ಹೃದಯದ ಸಣ್ಣ ಬಟ್ಟೆಯ ಗುರುತನ್ನು ಕೈಗಿಡುತ್ತಿದ್ದರು, ಕಥೋಲಿಕರಲ್ಲದವರಿಗೂ. ಒಂದೇ ಷರತ್ತು: ಮತ್ತೆ ಕುಡಿಯುವುದಾದರೆ, ಮೊದಲ ಗುಟುಕಿಗೆ ಮುಂಚೆ ಅದನ್ನು ತಂದು ಅವರ ಕೈಗೆ ಹಿಂದಿರುಗಿಸಬೇಕು. 1950ರಲ್ಲಿ ಡಾಕ್ಟರ್ ಬಾಬ್ ತೀರಿಕೊಳ್ಳುವಷ್ಟರಲ್ಲಿ ಇಬ್ಬರೂ ಸೇರಿ ಸುಮಾರು 5000 ಮಂದಿಯನ್ನು ನೋಡಿಕೊಂಡಿದ್ದರು. ಡಾಕ್ಟರು ಅದಕ್ಕೆ ಶುಲ್ಕ ಪಡೆಯಲಿಲ್ಲ.

ಎ.ಎ. ಬೇರೆ ಧರ್ಮದ ಸಭೆಯೋ ಎಂದು ಕೆಲವರು ಅನುಮಾನಿಸುವುದುಂಟು. ಡಾಕ್ಟರ್ ಬಾಬ್ ಪ್ರೊಟೆಸ್ಟೆಂಟರು, ಸಿಸ್ಟರ್ ಕನ್ಯಾಸ್ತ್ರೀ. ಇಬ್ಬರಿಗೂ ಅದು ಅಡ್ಡಿಯಾಗಲಿಲ್ಲ. ಕೂಟಕ್ಕೆ ಸೇರಲು ಬೇಕಾದದ್ದು ಕುಡಿತ ಬಿಡುವ ಆಸೆ ಮಾತ್ರ. ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ, ಮೊದಲ ದಿನ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತು ಎದ್ದು ಬರಬಹುದು. ನಮ್ಮಂಥ ಹಲವು ಭಾಷೆಯ ಸೀಮೆಯಲ್ಲಿ ಕೂಟ ಯಾವ ಭಾಷೆಯಲ್ಲಿ ನಡೆಯುತ್ತದೆಂದು ಮೊದಲೇ ವಿಚಾರಿಸಿಕೊಂಡರೆ ಒಳ್ಳೆಯದು. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆ ಕೂಟವಿದೆ. ಬಿಲ್ ಅವರ ಹೆಂಡತಿ ಲೋಯಿಸ್ 1951ರಲ್ಲಿ ಅದನ್ನು ಕಟ್ಟಿದರು. ಗಂಡ ಬರಲೊಲ್ಲದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.

1952ರಲ್ಲಿ ಸಿಸ್ಟರ್ ಅವರನ್ನು ಕ್ಲೀವ್‌ಲ್ಯಾಂಡಿನ ಸಂತ ವಿನ್ಸೆಂಟರ ಆಸ್ಪತ್ರೆಗೆ ವರ್ಗಾಯಿಸಿದರು. ಅಲ್ಲಿಯೂ ಒಂದು ವಾರ್ಡು ಎದ್ದಿತು. ಕುಡಿತ ಬಿಟ್ಟ ಕೆಲಸಗಾರರೇ ಬಂದು ಅದಕ್ಕೆ ದುಡಿದರು. ಸಿಸ್ಟರ್ ಅದಕ್ಕೆ ರೋಜರಿ ಹಾಲ್ ಸೊಲೇರಿಯಂ ಎಂದು ಹೆಸರಿಟ್ಟರು. ಜಪಸರದ ಮಾತೆಯ ಹೆಸರು ಅದರಲ್ಲಿದೆ. ಮೂರು ಪದಗಳ ಮೊದಲಕ್ಷರ ಕೂಡಿಸಿದರೆ ಆರ್.ಎಚ್.ಎಸ್., ಅಂದರೆ ರಾಬರ್ಟ್ ಹೋಲ್‌ಬ್ರುಕ್ ಸ್ಮಿತ್, ಡಾಕ್ಟರ್ ಬಾಬ್ ಅವರ ಪೂರ್ಣ ಹೆಸರು. 1966ರ ಏಪ್ರಿಲ್ 1ರಂದು, 77ನೆಯ ವಯಸ್ಸಿನಲ್ಲಿ, ಸಿಸ್ಟರ್ ತಮ್ಮ ಸಭೆಯ ಮಾತೃಮಠದಲ್ಲಿ ತೀರಿಕೊಂಡರು.