ಲೋನಿಯ ಪುಸ್ತಕ ಓದಿದ ಹುಡುಗ



ಡಿಸೆಂಬರ್ 22 ರಾಷ್ಟ್ರೀಯ ಗಣಿತ ದಿನ. ಅದು ಶ್ರೀನಿವಾಸ ರಾಮಾನುಜನ್ ಅವರು ಹುಟ್ಟಿದ ದಿನ. ಅವರ ಬಗ್ಗೆ ಬರೆಯೋರೆಲ್ಲ 1729 ನಂಬರಿನ ಟ್ಯಾಕ್ಸಿ ಕಥೆ ಹೇಳ್ತಾರೆ. ಅದು ನಿಮಗೆ ಗೊತ್ತೇ ಇದೆ. ನಾನು ಈಗ ಹತ್ತನೇ ತರಗತಿಯಲ್ಲಿ ತ್ರಿಕೋನಮಿತಿ ಕಲೀತಾ ಇದ್ದೇನೆ. ಆದ್ದರಿಂದ ಅವರ ಬಾಳಿನಲ್ಲಿ ತ್ರಿಕೋನಮಿತಿ ಏನು ಮಾಡಿತು ಅನ್ನೋದನ್ನು ಬರೆಯುತ್ತೇನೆ.

ರಾಮಾನುಜನ್ 1887ರಲ್ಲಿ ತಮಿಳುನಾಡಿನ ಈರೋಡಿನಲ್ಲಿ ಹುಟ್ಟಿದರು. ಬೆಳೆದದ್ದು ಕುಂಭಕೋಣದಲ್ಲಿ. ತಂದೆ ಬಟ್ಟೆ ಅಂಗಡಿಯ ಗುಮಾಸ್ತರು. ಮನೆಯಲ್ಲಿ ಬಡತನ. ಹನ್ನೆರಡು ಹದಿಮೂರನೇ ವಯಸ್ಸಿನಲ್ಲಿ ಅವರು ಕಾಲೇಜು ವಿದ್ಯಾರ್ಥಿಯೊಬ್ಬರಿಂದ ಒಂದು ಪುಸ್ತಕವನ್ನು ಎರವಲು ತಂದರು. ಎಸ್. ಎಲ್. ಲೋನಿ ಎಂಬ ಇಂಗ್ಲಿಷ್ ಲೇಖಕರು ಬರೆದ ತ್ರಿಕೋನಮಿತಿ ಪುಸ್ತಕ ಅದು. ದೊಡ್ಡವರು ಓದುವ ಆ ಪುಸ್ತಕದ ಲೆಕ್ಕಗಳನ್ನು ಈ ಹುಡುಗ ಯಾರ ಸಹಾಯವೂ ಇಲ್ಲದೆ ಬಿಡಿಸಿದರು.

ಅಂಥ ಪುಸ್ತಕದಲ್ಲಿ ಏನಿರುತ್ತೆ? ಮುಖ್ಯವಾಗಿ ನಿತ್ಯಸಮೀಕರಣಗಳು. ಸಾಮಾನ್ಯ ಸಮೀಕರಣ ಕೆಲವು ಬೆಲೆಗಳಿಗೆ ಮಾತ್ರ ಸರಿ. ನಿತ್ಯಸಮೀಕರಣ ಹಾಗಲ್ಲ. ಛೇದ ಸೊನ್ನೆ ಆಗದಿದ್ದರೆ ಸಾಕು, ಯಾವ ಕೋನ ಹಾಕಿದರೂ ಸರಿ. ಒಬ್ಬನೇ ಮನುಷ್ಯ ಹಬ್ಬದ ಬಟ್ಟೆಯಲ್ಲೂ ಇರ್ತಾನೆ, ಹೊಲದ ಬಟ್ಟೆಯಲ್ಲೂ ಇರ್ತಾನೆ, ಅಲ್ವಾ? ಹಾಗೇ ಒಂದೇ ಬೆಲೆಗೆ ಎರಡು ವೇಷ. ಸಂಕ್ಷೇಪಿಸಿ ಅಂದರೆ ಭಾರದ ವೇಷ ಕಳಚಿ ಹಗುರಾದದ್ದನ್ನು ಹುಡುಕಿ ಅಂತ ಅರ್ಥ.

ಉದಾಹರಣೆಗೆ ಎರಡು ಭಿನ್ನರಾಶಿಗಳನ್ನು ಕೂಡೋಣ:

ಸೈನ್ ಎ ÷ (1 + ಕಾಸ್ ಎ)
(1 + ಕಾಸ್ ಎ) ÷ ಸೈನ್ ಎ

ಎ ಕೋನ 30 ಡಿಗ್ರಿ ಆಗಿರಲಿ. ಮೊದಲನೆಯದು ಸುಮಾರು 0.268, ಎರಡನೆಯದು ಸುಮಾರು 3.732. ಎರಡೂ ಅಂದಗೇಡಿ ಸಂಖ್ಯೆಗಳು. ಆದರೆ ಕೂಡಿದರೆ ಸರಿಯಾಗಿ 4! ಯಾಕೆ ಹೀಗೆ? ಸಾಮಾನ್ಯ ಛೇದ ತೆಗೆದುಕೊಂಡು ಕೂಡಿದರೆ ಮೇಲೆ ಸೈನ್ ವರ್ಗ, ಕಾಸ್ ವರ್ಗ, 1 ಮತ್ತು 2 ಕಾಸ್ ಎ ಬರುತ್ತವೆ. ಸೈನ್ ವರ್ಗ, ಕಾಸ್ ವರ್ಗ ಸೇರಿದರೆ 1 ಅಂತ ಗೊತ್ತಲ್ಲ. ಹಾಗಾಗಿ ಅಂಶ 2(1 + ಕಾಸ್ ಎ) ಆಗುತ್ತೆ. ಕೆಳಗಿನ (1 + ಕಾಸ್ ಎ) ಜೊತೆ ಅದು ಹೊಡೆದುಹೋಗಿ 2 ÷ ಸೈನ್ ಎ ಮಾತ್ರ ಉಳಿಯುತ್ತೆ. ಅಷ್ಟುದ್ದದ ಲೆಕ್ಕ ಇಷ್ಟೇ!

ರಾಮಾನುಜನ್ ಇದನ್ನೆಲ್ಲ ದಾಟಿ ಮುಂದೆ ಹೋದರು. ಸೈನ್ ಮತ್ತು ಕಾಸ್‌ಗಳ ಬಗ್ಗೆ ಕೆಲವು ಪ್ರಮೇಯಗಳನ್ನು ತಾವೇ ಕಂಡುಹಿಡಿದರು. ಆಮೇಲೆ ಗೊತ್ತಾಯಿತು, ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ ಆಯ್ಲರ್ ಎಂಬ ಮಹಾನ್ ಗಣಿತಜ್ಞ 1748ರಷ್ಟು ಹಿಂದೆಯೇ ಅವನ್ನು ಪ್ರಕಟಿಸಿದ್ದರು. ಹುಡುಗನಿಗೆ ಎಷ್ಟು ನಿರಾಸೆಯಾಯಿತೆಂದರೆ ಬರೆದ ಹಾಳೆಗಳನ್ನು ಮನೆಯ ಸೂರಿನಲ್ಲಿ ಬಚ್ಚಿಟ್ಟರಂತೆ. ನನಗೆ ಮಾತ್ರ ಇದು ಸೋಲು ಅನ್ನಿಸೋದಿಲ್ಲ. ಆಯ್ಲರ್ ಏರಿದ ಬೆಟ್ಟವನ್ನು ದಾರಿ ತೋರಿಸುವವರಿಲ್ಲದೆ ಕುಂಭಕೋಣದ ಹುಡುಗನೂ ಏರಿದ ಅಂತ ತಾನೇ ಅರ್ಥ?

1903ರಲ್ಲಿ ಅವರಿಗೆ ಕಾರ್ ಎಂಬುವರ ಪುಸ್ತಕ ಸಿಕ್ಕಿತು. ಅದರಲ್ಲಿ ಸಾವಿರಾರು ಸೂತ್ರಗಳು, ಸಾಧನೆ ಮಾತ್ರ ಬಹಳ ಕಡಿಮೆ. ರಾಮಾನುಜನ್ ಗಣಿತ ಬಿಟ್ಟು ಬೇರೇನೂ ಓದದಂತಾದರು. ಕಾಲೇಜಿನ ವಿದ್ಯಾರ್ಥಿವೇತನ ಹೋಯಿತು. ಎಫ್.ಎ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಕಾಗದಕ್ಕೆ ದುಡ್ಡಿಲ್ಲ. ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಉತ್ತರವನ್ನು ಮಾತ್ರ ನೋಟ್ ಪುಸ್ತಕಕ್ಕೆ ಬರೆದುಕೊಳ್ಳುತ್ತಿದ್ದರು. 1912ರಲ್ಲಿ ಮದ್ರಾಸು ಬಂದರಿನ ಕಚೇರಿಯಲ್ಲಿ ತಿಂಗಳಿಗೆ 30 ರೂಪಾಯಿಯ ಗುಮಾಸ್ತರಾದರು.

ತ್ರಿಕೋನಮಿತಿಯನ್ನು ಅವರು ಆಗಲೂ ಬಿಟ್ಟಿರಲಿಲ್ಲ. ಭಾರತೀಯ ಗಣಿತ ಸಂಘದ ಪತ್ರಿಕೆಯಲ್ಲಿ ಓದುಗರು ಸಾಧಿಸಲಿ ಅಂತ ಅವರು ಕೊಟ್ಟ ಒಂದು ಪ್ರಶ್ನೆ ನೋಡಿ. ಕಾಸ್ 40° ಮತ್ತು ಕಾಸ್ 80°ಗಳ ಘನಮೂಲಗಳನ್ನು ಕೂಡಿ, ಕಾಸ್ 20°ಯ ಘನಮೂಲವನ್ನು ಕಳೆಯಿರಿ. ಇನ್ನೊಂದು ಕಡೆ, 9ರ ಘನಮೂಲದಿಂದ 2 ಕಳೆದು, ಬಂದದ್ದನ್ನು ಒಂದೂವರೆಯಿಂದ ಗುಣಿಸಿ, ಅದರ ಘನಮೂಲ ತೆಗೆಯಿರಿ. ಎರಡೂ ಒಂದೇ! ಸುಮಾರು 0.493. ಬಲಗಡೆ ಕೋನದ ಸುಳಿವೇ ಇಲ್ಲ.

1913ರ ಜನವರಿ 16ರಂದು ಅವರು ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಯವರಿಗೆ ಪತ್ರ ಬರೆದರು. ಅದರ ತುಂಬ ಸೂತ್ರಗಳು. ಹಾರ್ಡಿ ಬೆರಗಾದರು, ಆದರೆ ಸಾಧನೆ ಎಲ್ಲಿ ಅಂತಲೂ ಕೇಳಿದರು. ಹಾಗೆ ಕೇಳಿದ್ದು ಸರಿಯೇ. ಅವಿಭಾಜ್ಯ ಸಂಖ್ಯೆಗಳ ಬಗ್ಗೆ ರಾಮಾನುಜನ್ ಬರೆದದ್ದರಲ್ಲಿ ತಪ್ಪಿತ್ತು. ಮೇಲಿನ ಲೆಕ್ಕದಲ್ಲೂ 30 ಡಿಗ್ರಿ ಹಾಕಿ 4 ಬಂದ ಮಾತ್ರಕ್ಕೆ ಎಲ್ಲ ಕೋನಕ್ಕೂ ಸರಿ ಅನ್ನೋ ಹಾಗಿಲ್ಲ. ಛೇದ ಒಂದು ಮಾಡಿ ಮೆಟ್ಟಿಲು ಮೆಟ್ಟಿಲಾಗಿ ಇಳಿದ ಮೇಲೇ ಅದು ಖಾತ್ರಿ. ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಸಾಧಿಸಿ ಅಂತ ಕೇಳೋದು ಇದಕ್ಕೇ.

1914ರಲ್ಲಿ ರಾಮಾನುಜನ್ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. 1918ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು. ಆದರೆ ಆರೋಗ್ಯ ಕೆಟ್ಟಿತ್ತು. 1919ರಲ್ಲಿ ಊರಿಗೆ ಮರಳಿ, 1920ರ ಏಪ್ರಿಲ್ 26ರಂದು ತೀರಿಕೊಂಡರು. ಆಗ ವಯಸ್ಸು ಬರೀ 32. ಅವರ ನೋಟ್ ಪುಸ್ತಕಗಳ ಸೂತ್ರಗಳಿಗೆ ಸಾಧನೆ ಒದಗಿಸಿದ ಬ್ರೂಸ್ ಬರ್ಂಟ್ ಎಂಬ ಅಮೆರಿಕದ ಗಣಿತಜ್ಞರ ಐದು ಸಂಪುಟಗಳು 1985ರಿಂದ 1998ರವರೆಗೆ ಬಂದವು. ಸ್ಲೇಟಿನ ಮೇಲೆ ಒರೆಸಿಹೋದದ್ದನ್ನು ಮತ್ತೆ ಬರೆಯೋಕೆ ಅಷ್ಟು ವರ್ಷ ಬೇಕಾಯಿತು!

ಗೆಳೆಯರೇ, ನಿಮಗೊಂದು ಲೆಕ್ಕ. ಸಂಕ್ಷೇಪಿಸಿ:

(1 + ಟ್ಯಾನ್ ವರ್ಗ ಎ) × (1 − ಸೈನ್ ಎ) × (1 + ಸೈನ್ ಎ)

ಉತ್ತರ ಒಂದೇ ಅಂಕಿಯಲ್ಲಿದೆ. ಉತ್ತರ ಮಾತ್ರ ತಂದರೆ ಒಪ್ಪೋದಿಲ್ಲ, ಮೆಟ್ಟಿಲುಗಳನ್ನೂ ಬರೆದು ತನ್ನಿ. ಸ್ಲೇಟಿನಲ್ಲಿ ಮಾಡಿದರೂ ಸರಿ, ನಾನು ನೋಡೋವರೆಗೆ ಒರೆಸಬೇಡಿ.